ನುಸಿಹಿಡುಕ

ಡೆಡ್‌ಸ್ಟಾಕ್ ರಜಿಸ್ಟರಿನ ಹನ್ನೊಂದನೆಯ ಪುಟದಲ್ಲಿ
ಮುರುಕು ಸ್ಟೂಲು ಎರಡರ ಕೆಳಗೆ,
ಹಿತ್ತಾಳೆ ತಕ್ಕಡಿ ಒಂದರ ಮೇಲೆ
ಅದು ಕೂತಿದೆ:
ಹಕ್ಕಿ, ಸಣ್ಣದು, ನಗ ಒಂದು.
ಖರೀದಿ ಮುಂಬಯಿ, ಐವತ್ತೆರಡನೆಯ ಇಸವಿ.
ಎಂಟು ರೂಪಾಯಿ ನಾಲ್ಕಾಣೆ.

ಮಾರ್ಚಿ ಮುಗಿಯುವುದರೊಳಗೆ ಎಲ್ಲ ತಾಳೆ ಆಗಬೇಕು.
ಕಪಾಟು ತೆರೆದೆ. ಡಾಂಬರ ಗುಳಿಗೆಯ ವಾಸನೆ ಕೂಡ
ಸತ್ತು ವರ್ಷವಾಗಿತ್ತು.
ಬೂದಿ ಬಣ್ಣದ ಬೆನ್ನು, ಹೆಬ್ಬೆರಳಿಗಿಂತ ತುಸು ದಪ್ಪ,
ಕಣ್ಣಿನ ಮೇಲೊಂದು ಕಪ್ಪು ಪಟ್ಟಿ,
ಕಾಡಿಗೆ ಹಚ್ಚಿಕೊಳ್ಳುವಾಗ ಯಾರೋ ಮೊಣಕೈ ತಾಕಿಸಿದ ಹಾಗೆ.
ಮುಟ್ಟಿದೆ. ಬಾಲ ನನ್ನ ಕೈಯಲ್ಲೇ ಉಳಿಯಿತು.
ಕೆಳಗೆ ಗೋದಿಹಿಟ್ಟಿನಂಥ ಪುಡಿ.

ಚೀಟಿಯ ಮೇಲೆ ಲ್ಯಾಟಿನ್ನು. ಯಾವ ಕಾಲದ್ದೋ ಮಾಸ್ತರೊಬ್ಬರು
ಪೆನ್ಸಿಲಿನಲ್ಲಿ ಕನ್ನಡ ಮಾಡಿದ್ದರು:
ನುಸಿಹಿಡುಕ. ಮುಳ್ಳುಕಂಟಿವಾಸಿ. ದಕ್ಷಿಣ ಅಮೆರಿಕ.

ಎಪ್ಪತ್ತು ವರ್ಷ ವಿಜಯಪುರದಲ್ಲಿ ಉಪವಾಸ ಕೂತು
ನುಸಿ ಹಿಡಿಯುವ ಹಕ್ಕಿಗೆ
ನುಸಿ ಹಿಡಿದಿತ್ತು.

ರಾಜೇಸಾಬರಿಗೆ ಫೋನು ಮಾಡಿದೆ. ಮೂವತ್ತೊಂದು ವರ್ಷ
ಈ ಕಪಾಟಿನ ಕೀಲಿ ಅವರ ಜುಬ್ಬಾದ ಕಿಸೆಯಲ್ಲಿತ್ತು.
"ಬಾಯಾರ, ಅದರ ಹೊಟ್ಟಿ ಒಮ್ಮೆ ಬಿಚ್ಚಿತ್ರಿ," ಅಂದರು,
"ನಮ್ಮ ಜರೀನಾನ ಮದಿವಿಗೆ ಗಾದಿ ತುಂಬಿಸಿದ ವರ್ಷ.
ಉಳಿದ ಅರಳಿ ಚೂರು ತಂದು ತುಂಬಿ ಹೊಲದೆ.
ಒಳಗ ನಮ್ಮ ಕೋರವಾರದ ಹೊಲದ ಹತ್ತಿ ಐತಿ,
ಮ್ಯಾಲಿನ ಚರ್ಮ ಅಷ್ಟ ಪರದೇಶಿ."
ಅದರ ದನಿ ಹುಡುಕಿದರೆ ಮೊಬೈಲಿನಲ್ಲಿ ಸಿಕ್ಕೀತು, ಕೇಳಿಸಲೇ ಅಂದೆ.
"ಬ್ಯಾಡ ಬಿಡ್ರಿ. ಕಸಾ ಹೊಡಿಯೂ ಮುಂದ
ನಾನ ಒಂದು ದನಿ ಮಾಡಿಟ್ಟೀನಿ ಅದಕ್ಕ."
ಆಮೇಲೆ ಆ ಕಡೆಯಿಂದ ಸಣ್ಣಗೊಂದು ಸಿಳ್ಳು.
ಕುಕ್ಕರೂ ಇರಬಹುದು.

ನಿರುಪಯುಕ್ತ ವಸ್ತುವನ್ನು
ಇಬ್ಬರ ಸಮಕ್ಷಮ ಸುಡತಕ್ಕದ್ದು, ಎನ್ನುತ್ತದೆ ನಿಯಮ.
ಕಡ್ಡಿಪೆಟ್ಟಿಗೆ ಹಿಡಿದೇ ಹಿತ್ತಲಿಗೆ ಹೋದೆ.

ಅಲ್ಲಿ ರೈಲುಪಟ್ಟಿಯ ತನಕ ಬಳ್ಳಾರಿ ಜಾಲಿ.
ಹೆಸರಷ್ಟೇ ಬಳ್ಳಾರಿಯದು. ಅದರ ತವರೂ ಆ ಕಡೆಯದೇ,
ಏಳು ಕಡಲಿನಾಚೆ.
ಬೀಜವಾಗಿ ಬಂದು, ಆಡಿನ ಹಿಕ್ಕೆಯಲ್ಲಿ ಊರೂರು ಸುತ್ತಿ,
ಯಾವ ರಜಿಸ್ಟರಿಗೂ ಹತ್ತದೆ,
ಜೆಸಿಬಿಗೆ ಸತ್ತು ಮೃಗಶಿರಾಕ್ಕೆ ಹುಟ್ಟುವ ಜಾತಿ.
ಜೀವಂತ ಬಂದದ್ದನ್ನು ದಿನಾ ಬೈಯುತ್ತೇವೆ,
ಸತ್ತು ಬಂದದ್ದಕ್ಕೆ ಗಾಜು ಹಾಕಿಸಿದ್ದೆವು.

ಕಾಲಿನೊಳಗಿನ ತಂತಿ ಇನ್ನೂ ಗಟ್ಟಿಯಿತ್ತು.
ಟೊಂಗೆಗೆ ಎರಡು ಸುತ್ತು ಸುತ್ತಿದೆ.
ಒಂದು ಮುಳ್ಳು ನನ್ನ ತೋರುಬೆರಳು ತೆಗೆದುಕೊಂಡಿತು, ಬಾಡಿಗೆಯ ಹಾಗೆ.
ನಡುಮಧ್ಯಾಹ್ನ. ಬಾಲವಿಲ್ಲದ ಹಕ್ಕಿ
ತನ್ನ ಕಡೆಯ ಮುಳ್ಳಿನ ಮೇಲೆ ಕೂತಿತು.
ಪಿಸುಮಾತನ್ನೂ ಏಳು ಸಲ ತಿರುಗಿ ಹೇಳುವ ಗುಮ್ಮಟದ ಊರಿನಲ್ಲಿ
ಒಂದು ಸಲವೂ ಕೇಳದ ದನಿ
ಆಗಲೂ ಕೇಳಲಿಲ್ಲ.
ಸೊಲ್ಲಾಪುರದ ಗಾಡಿ ಹೋಯಿತು.
ಅದು ಗಾಳಿಗೆ ತಲೆ ಆಡಿಸಿತು.

ಮೂರನೆಯ ದಿನ ನೋಡಿದರೆ
ಹೊಟ್ಟೆಯ ಅರಳೆ ಅರ್ಧ ಇಲ್ಲ.
ಅದೇ ಕಂಟಿಯಲ್ಲಿ ನಮ್ಮ ಟುವ್ವಿಯೊಂದು
ಬಾಲ ಎತ್ತಿ, ಇಳಿಸಿ, ಎತ್ತಿ,
ಏನನ್ನೋ ಹೆಕ್ಕುತ್ತಿತ್ತು. ಹುಳವೋ ಏನೋ.
ಗೂಡು ಕಟ್ಟುವ ದಿನಗಳಲ್ಲ ಇನ್ನೂ ಇವು.
ಗಾಳಿ ಒಯ್ದಿರಲೂಬಹುದು.

ಷರಾ ಕಾಲಮ್ಮಿನಲ್ಲಿ 'ಸುಡಲಾಗಿದೆ' ಎಂದು ಬರೆದೆ.
ಮೂವತ್ತು ಮಾರ್ಕಿನ ತಪ್ಪಿಗೆ ಹುಡುಗರನ್ನು ನಿಲ್ಲಿಸುವ ಕೈ
ಅಷ್ಟೇನೂ ನಡುಗಲಿಲ್ಲ.
ಒಂದು ಸಹಿ ನನ್ನದು.
ಇನ್ನೊಂದು ಹಾಕಲು ರಾಜೇಸಾಬರು
ಸೋಮವಾರ ಬರುತ್ತಾರಂತೆ,
ಬಸ್ಸು ಸಿಕ್ಕರೆ.